ಅವ್ವ ಆಕಳು ಕೇಳಿದಳು

ತೊಗರಿ ರಾಶಿ ಮುಗಿದು ಹೊಟ್ಟಿನ ಬಣವೆ ಒಟ್ಟುವ ದಿನಗಳಲ್ಲಿ ಅವ್ವನಿಗೆ ಲಕ್ವಾ ಹೊಡೆಯಿತು. ಬೆಳಗ್ಗೆ ನೀರಿನ ಹಂಡೆಗೆ ಉರಿ ಹಾಕಲು ಹಿತ್ತಲಿಗೆ ಹೋದವಳು ಅಲ್ಲೇ ಕುಸಿದು ಕೂತಿದ್ದಳಂತೆ. ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಹೋಗಿ ಎಬ್ಬಿಸಿದಾಗ ಬಾಯಿ ಒಂದು ಕಡೆಗೆ ಜಾರಿತ್ತು, ಬಲಗೈ ಮಡಿಲಲ್ಲಿ ಸತ್ತು ಬಿದ್ದಿತ್ತು. ಅಣ್ಣ ಅವಳನ್ನು ಜೀಪಿನಲ್ಲಿ ಹಾಕಿಕೊಂಡು ಕಲಬುರಗಿಗೆ ಹೋದ. ನಾನು ವಾಡಿಯಿಂದ ರೈಲು ಹಿಡಿದು ಆಸ್ಪತ್ರೆ ಮುಟ್ಟಿದಾಗ ಅವಳಿಗೆ ಎಚ್ಚರವಿತ್ತು. ನನ್ನ ಗುರುತು ಸಿಕ್ಕಿತು. ಏನೋ ಹೇಳಲು ಬಾಯಿ ತೆರೆದಳು. ಬಂದದ್ದು ಮಾತಲ್ಲ, ಬರೀ ಸಪ್ಪಳ.

ಮಾತು ಹೋಗುವುದಿದ್ದರೆ ಇವಳದೇ ಹೋಗಬೇಕಿತ್ತೇ ಎಂದು ಊರವರೆಲ್ಲ ಮರುಗಿದರು. ನಮ್ಮೂರು ಚಿತ್ತಾಪುರದಿಂದ ಒಳಗೆ, ಕಾಗಿಣಾ ನದಿಯ ದಂಡೆಯಲ್ಲಿದೆ. ಅಲ್ಲಿ ಅವ್ವನ ಒಗಟುಗಳಿಗೆ ಹೆಸರಿತ್ತು. ಮದುವೆ ಮನೆಯಲ್ಲಿ ರೊಟ್ಟಿ ಬಡಿಯಲು ಕೂತ ಹೆಂಗಸರು ಅವಳನ್ನು ನಡುವೆ ಕೂರಿಸಿಕೊಳ್ಳುತ್ತಿದ್ದರು. ಕೈ ಹಿಟ್ಟಿನಲ್ಲಿ, ಬಾಯಿ ಒಗಟಿನಲ್ಲಿ. ಒಂದನ್ನು ಒಡೆಯುವಷ್ಟರಲ್ಲಿ ಇನ್ನೊಂದು ಎಸೆಯುತ್ತಿದ್ದಳು.

ನಮಗೆ ಚಿಕ್ಕಂದಿನಲ್ಲಿ ಆಟವೆಂದರೆ ಅದೇ. ಬೇಸಿಗೆಯ ಮಧ್ಯಾಹ್ನ ಹೊರಗೆ ಕಾಲಿಡುವಂತಿರಲಿಲ್ಲ. ಪಡಸಾಲೆಯ ಫರಸಿ ಕಲ್ಲಿನ ಮೇಲೆ ನೀರು ಚಿಮುಕಿಸಿ, ಅದು ಆರುವುದರೊಳಗೆ ಅಣ್ಣ ಮತ್ತು ನಾನು ಅಂಗಾತ ಮಲಗುತ್ತಿದ್ದೆವು. ಅವ್ವ ಬೀಸುವ ಕಲ್ಲಿನ ಮುಂದೆ ಕೂತು ತೊಗರಿ ಒಡೆಯುತ್ತಾ ಕೇಳುವಳು:

“ಒಂಟಿ ಕಾಲಿನ ಮುದುಕಿ, ತಲಿ ತುಂಬ ಮುತ್ತು. ಕದಿಯಾಕ ಬಂದವರಿಗಿ ಬೈಯಾಕ ಬಾಯಿಲ್ಲ. ಯಾರು?”

ಅಣ್ಣ ಛತ್ರಿ ಎನ್ನುವನು. ಅವ್ವ ಬೈಯುತ್ತಿರಲಿಲ್ಲ, ಸರಿಯಾದ ಉತ್ತರವನ್ನೂ ಹೇಳುತ್ತಿರಲಿಲ್ಲ. ಛತ್ರಿಗೆ ಒಂದು ಕಾಲಿದೆ, ಒಪ್ಪಿದೆ, ಮುತ್ತು ಎಲ್ಲಿಂದ ಬಂತು ಎಂದು ಕೇಳುವಳು. ನಾನು ನವಿಲು ಎಂದರೆ, ಅದಕ್ಕೆ ಬಾಯಿಲ್ಲವೇ, ಬೆಳಗಿನಿಂದ ಕೂಗುವುದು ಯಾರು ಎನ್ನುವಳು. ಹೀಗೆ ಪ್ರತಿ ಉತ್ತರವನ್ನೂ ಒಗಟಿನ ಒಂದೊಂದು ಮಾತಿಗೆ ತಾಗಿಸಿ ನೋಡಬೇಕಿತ್ತು. ಎಲ್ಲದಕ್ಕೂ ಕೂಡಿದರೆ ಮಾತ್ರ ಒಪ್ಪಿಗೆ. ಕೊನೆಗೆ ಜೋಳದ ತೆನೆ ಹೊಳೆದಾಗ, ಮುತ್ತು ಕದಿಯುವ ಹಕ್ಕಿಗಳು ಕಣ್ಣ ಮುಂದೆ ಬಂದು ಕೂತಾಗ, ಮೈಯೆಲ್ಲ ಝುಮ್ಮೆನ್ನುತ್ತಿತ್ತು. ನಾನು ಮುಂದೆ ಗಣಿತ ಓದಿದೆ, ಗಣಿತದ ಟೀಚರ್ ಆದೆ. ಬೀಜಗಣಿತದ ಲೆಕ್ಕ ಬಿಡಿಸಿ, ಬಂದ ಉತ್ತರವನ್ನು ಮತ್ತೆ ಸಮೀಕರಣದೊಳಗೆ ಇಟ್ಟು ನೋಡುವ ರೂಢಿಯನ್ನು ಹೈಸ್ಕೂಲಿನಲ್ಲಿ ಕಲಿಸುವ ಹೊತ್ತಿಗೆ ಅದು ನನಗೆ ಆಗಲೇ ಬಂದಿತ್ತು.

ಅವಳ ಆಟಕ್ಕೊಂದು ಕಟ್ಟಳೆಯಿತ್ತು. ಉಣ್ಣದವರಿಗೆ ಒಗಟಿಲ್ಲ. ಶಾಲೆಯಿಂದ ಬಂದವಳೇ ಒಗಟು ಹೇಳೆಂದು ಗಂಟು ಬಿದ್ದರೆ, ಮೊದಲು ತಾಟಿನ ಮುಂದೆ ಕೂರಿಸುವಳು. ಹಸಿದ ಹೊಟ್ಟೆಗೆ ಒಗಟು ಕೇಳಬಾರದು ಎನ್ನುವಳು. ಸಂಜೆ ಹೊತ್ತು ತಲೆ ಬಾಚಬಾರದು ಎಂಬಂತೆ ಇದೂ ಹಿರಿಯರು ಮಾಡಿಟ್ಟ ಒಂದು ಪದ್ಧತಿ ಎಂದುಕೊಂಡಿದ್ದೆವು.

ಅವ್ವನ ತವರು ಚಿಂಚೋಳಿ ತಾಲೂಕಿನ ಕುಂಚಾವರಂ ಕಡೆ, ಕಾಡಿನ ಅಂಚಿನ ನಾಲ್ಕಾರು ಮನೆಗಳ ಒಂದು ತಾಂಡಾದಂಥ ಊರು. ಅಲ್ಲಿ ತೆಲುಗು. ಆದರೆ ನಮ್ಮ ಮನೆಯಲ್ಲಿ ಅವಳು ತೆಲುಗಿನ ಒಂದು ಶಬ್ದವನ್ನೂ ಆಡಿದ್ದು ನಾನು ಕೇಳಿಲ್ಲ. ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದ ಹೆಂಗಸು, ಸೊಸೆಯನ್ನು ತವರಿಗೆ ಕಳಿಸಲು ಮನಸ್ಸು ಮಾಡುತ್ತಿರಲಿಲ್ಲ. ನಾವು ಅಲ್ಲಿಗೆ ಹೋದದ್ದೇ ಅಪರೂಪ. ಅವ್ವನ ಕನ್ನಡ ನಮ್ಮೆಲ್ಲರ ಕನ್ನಡಕ್ಕಿಂತ ಚೂಪಾಗಿದ್ದುದರಿಂದ ಅವಳಿಗೆ ಇನ್ನೊಂದು ಭಾಷೆ ಇತ್ತು ಎಂಬುದೇ ನಮ್ಮ ತಲೆಗೆ ಬರುತ್ತಿರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಎರಡು ಮಾತು ಹೇಳಿದರು. ನುಂಗುವ ಶಕ್ತಿ ಕುಂದಿದೆ, ಗಟ್ಟಿ ಪದಾರ್ಥ ಕೊಟ್ಟರೆ ಶ್ವಾಸಕೋಶಕ್ಕೆ ಇಳಿದೀತು, ತೆಳ್ಳಗಿನ ಗಂಜಿ ಚಮಚದಲ್ಲಿ ಹಾಕಿ ಎಂಬುದು ಒಂದು. ಮಾತುಗಳು ತಲೆಯೊಳಗೇ ಇವೆ, ಹೊರಗೆ ಬರುವ ದಾರಿ ಕಡಿದಿದೆ, ದಿನವೂ ಮಾತಾಡಿಸುತ್ತಿರಿ ಎಂಬುದು ಇನ್ನೊಂದು. ಮಾತು ಕಲಿಸುವ ಒಬ್ಬ ಹೆಣ್ಣುಮಗಳ ಹತ್ತಿರ ನಮ್ಮನ್ನು ಕಳಿಸಿದರು. ಒಳ್ಳೆಯ ಹುಡುಗಿ. ಹೊರಗೆ ಬಾಗಿಲಲ್ಲಿ ಜನ ಕಾದಿದ್ದರೂ ಅವಸರ ಮಾಡಲಿಲ್ಲ. ಬಟ್ಟಲು, ಬಾಚಣಿಗೆ, ಬಾಳೆಹಣ್ಣಿನ ಚಿತ್ರಗಳನ್ನು ಒಂದೊಂದಾಗಿ ಹಿಡಿದು ಇದೇನು ಎಂದು ಕೇಳಿದಳು. ಅವ್ವ ಚಿತ್ರ ನೋಡಿದಳು, ಹುಡುಗಿಯ ಮುಖ ನೋಡಿದಳು, ತಲೆ ತಗ್ಗಿಸಿದಳು. ಮನೆಯಲ್ಲಿ ಏನನ್ನೂ ಕೇಳುವ ಮೊದಲೇ ಕೈಗೆ ಕೊಡಬೇಡಿ, ಹೆಸರು ಹೇಳಿಸಿ ಕೊಡಿ, ಬೇಕು ಎನ್ನುವ ಆಸೆಗೆ ಮಾತು ಹೊರಡುತ್ತದೆ ಎಂದು ಹುಡುಗಿ ನಮಗೆ ಹೇಳಿಕೊಟ್ಟಳು. ವೈನಿ ಅದನ್ನು ದೇವರ ವ್ರತದಂತೆ ಹಿಡಿದಳು.

ನನ್ನ ಶಾಲೆ, ನನ್ನ ಗಂಡನ ರೈಲ್ವೆ ನೌಕರಿ ಎರಡೂ ವಾಡಿಯಲ್ಲಿ. ಭಾನುವಾರ ಮಾತ್ರ ಊರಿಗೆ ಹೋಗಲು ಆಗುತ್ತಿತ್ತು. ಹಾಗೆ ಹೋದ ಒಂದು ಭಾನುವಾರ ಅಣ್ಣ ಬಾಗಿಲಲ್ಲೇ ಎದುರಾಗಿ ಅವ್ವ ಒಂದು ಮಾತು ಆಡಿದಳು ಎಂದ. ಏನು ಎಂದು ಕೇಳಿದೆ.

“ಆಕಳ ಅಂದಾಳ. ಮುಂಜಾನಿಂದ ಅದೇ ಅನ್ಲಿಕತ್ತಾಳ.”

ಒಳಗೆ ಹೋದೆ. ಅವ್ವ ನನ್ನ ಸೆರಗು ಹಿಡಿದು, ತುಟಿಯನ್ನು ಕಷ್ಟಪಟ್ಟು ಕೂಡಿಸಿ, “ಆಕ… ಆಕಳಿ” ಎಂದಳು. ನನ್ನ ಕಣ್ಣು ತುಂಬಿತು. ಎಲ್ಲ ಮಾತು ಹೋಗಿ ಒಂದು ಮಾತು ಉಳಿದಿತ್ತು, ಅದು ಆಕಳು.

ಅದಕ್ಕೆ ಕಾರಣವೂ ನಮಗೆ ಹೊಳೆಯಿತು. ಮನೆಯಲ್ಲೊಂದು ಮುದಿ ಆಕಳು ಇತ್ತು. ಅದನ್ನು ಸಂಭಾಳಿಸುವುದು ಆಗದೆ ಅಣ್ಣ ಹಿಂದಿನ ವರ್ಷ ಬೇರೆಯವರಿಗೆ ಕೊಟ್ಟಿದ್ದ. ಆಗ ಅವ್ವ ಏನೂ ಅಂದಿರಲಿಲ್ಲ. ಅನ್ನದೇ ಒಳಗೇ ಇಟ್ಟುಕೊಂಡಿದ್ದಳು, ಈಗ ಅದೇ ಹೊರಗೆ ಬರುತ್ತಿದೆ ಎಂದು ಅಣ್ಣ ನೊಂದ. ಪಕ್ಕದ ಮನೆಯ ಆಕಳನ್ನು ಹಿಡಿದು ತಂದು ಅಂಗಳದಲ್ಲಿ ಕಟ್ಟಿ, ಅವ್ವನ ಮಂಚವನ್ನು ಬಾಗಿಲ ಕಡೆಗೆ ತಿರುಗಿಸಿದ. ಅವ್ವ ಆಕಳನ್ನು ನೋಡಿ ಅತ್ತಳು. ಮತ್ತೆ ಅದೇ ಮಾತು ಅಂದಳು. ಅಣ್ಣ ಮುಂದಿನ ಸಂತೆಯಲ್ಲಿ ಒಂದು ಕಂದು ಬಣ್ಣದ ಆಕಳನ್ನೇ ಕೊಂಡು ತಂದ. ಅವಳ ಎಡಗೈಯನ್ನು ಹಿಡಿದು ಅದರ ಕೊರಳ ಮೇಲೆ ಇರಿಸಿದ. ಅವ್ವ ಕೈ ಕಿತ್ತುಕೊಂಡು ಗೋಡೆಯ ಕಡೆ ಮುಖ ಮಾಡಿದಳು.

ಏನೋ ತಪ್ಪುತ್ತಿದೆ ಎಂದು ನನಗೆ ಅನಿಸಿದ್ದು ಆಗ. ಅವಳೇ ಕಲಿಸಿದ ಹಾಗೆ ಉತ್ತರವನ್ನು ತಾಗಿಸಿ ನೋಡತೊಡಗಿದೆ. ಆಕಳು ಬೇಕಿದ್ದರೆ ಆಕಳು ಬಂದ ಮೇಲೆ ಕೇಳುವುದು ನಿಲ್ಲಬೇಕು, ನಿಂತಿಲ್ಲ. ಹಾಗಾದರೆ ಆಕಳಿಕೆ ಇರಬಹುದು, ನಿದ್ದೆ ಬರುತ್ತಿದೆ ಎನ್ನುತ್ತಿರಬಹುದು. ದೀಪ ಆರಿಸಿ ಮಲಗಿಸಿದರೆ ಸಿಟ್ಟಿನಿಂದ ಹೊದಿಕೆ ಎಳೆದು ಹಾಕಿದಳು. ಅಕ್ಕನನ್ನು ಕರೆಯುತ್ತಿದ್ದಾಳೆಯೇ? ಅವಳಿಗೆ ಅಕ್ಕ ಇರಲಿಲ್ಲ. ಹಾಲು ಬೇಕೇ ಎಂದು ಕೇಳಿ, ಹಾಲಿನ ಲೋಟ ಎದುರಿಗೆ ಹಿಡಿದು, ಇದರ ಹೆಸರು ಹೇಳವ್ವಾ ಎಂದೆವು. ಆ ಹುಡುಗಿ ಕಲಿಸಿದ್ದು ಹಾಗೆ. ಅವ್ವ ಲೋಟವನ್ನೇ ನೋಡುತ್ತಾ ಅದೇ ಮಾತು ಅಂದಳು. ನೋಡು, ಹಾಲು ನೋಡಿದರೂ ಆಕಳೇ ನೆನಪಾಗುತ್ತದೆ ಎಂದಳು ವೈನಿ.

ಚಿತ್ರಗಳಿಗಿಂತ ಒಗಟುಗಳು ಅವಳ ನಾಲಿಗೆಗೆ ಹತ್ತಿರ ಎಂದು ನನಗೆ ತೋಚಿತು. ಮಂಚದ ಪಕ್ಕ ಕೂತು ಒಂಟಿ ಕಾಲಿನ ಮುದುಕಿಯ ಒಗಟು ಹೇಳಿದೆ. ಅವಳ ತುಟಿ ಅಲ್ಲಾಡಿತು. ಬಹಳ ಹೊತ್ತಿನ ಮೇಲೆ, “ತೆನಿ” ಎಂದಳು. ಸ್ಪಷ್ಟವಾಗಿ. ವೈನಿ ಒಲೆ ಬಿಟ್ಟು ಓಡಿ ಬಂದಳು. ಆ ಖುಷಿಯಲ್ಲಿ ನಾನು ಒಂದರ ಹಿಂದೆ ಒಂದು ಒಗಟು ಹಾಕುತ್ತಾ ಹೋದೆ. ಆದರೆ ಅವ್ವನ ಮುಖ ಮುಚ್ಚಿಕೊಂಡಿತು. ಗಂಜಿಯ ಬಟ್ಟಲನ್ನು ಒಮ್ಮೆ ನೋಡುವಳು, ನನ್ನನ್ನು ಒಮ್ಮೆ ನೋಡುವಳು. ಆ ನೋಟ ನನಗೆ ಹೊಸದು. ತಾಯಿ ಮಗಳನ್ನು ನೋಡುವ ರೀತಿಯಲ್ಲ ಅದು. ಮನೆಗೆ ಹೊಸದಾಗಿ ಬಂದ ಆಳು ಒಡತಿಯನ್ನು ನೋಡುವ ರೀತಿ.

ದಿನದಿಂದ ದಿನಕ್ಕೆ ಸೊರಗಿದಳು. ಕೊರಳ ಎಲುಬುಗಳು ಎದ್ದು ಕಂಡವು. ಲಕ್ವಾ ಒಳಗೊಳಗೇ ತಿನ್ನುತ್ತಿದೆ ಎಂದು ನೋಡಲು ಬಂದವರು ಹೇಳಿದರು, ನಾವೂ ನಂಬಿದೆವು.

ಸೇಡಂನಲ್ಲಿರುವ ಅತ್ತಿ, ಅಪ್ಪನ ತಂಗಿ, ಮೊಣಕಾಲು ನೋವಿನ ಕಾರಣ ಬಂದಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವನ ಕಡೆಯವರಲ್ಲಿ ಆ ತಲೆಮಾರಿನಲ್ಲಿ ಉಳಿದವಳು ಅವಳೊಬ್ಬಳೇ. ಒಂದು ಭಾನುವಾರ ಮಧ್ಯಾಹ್ನ ಮಗನ ಗಾಡಿಯಲ್ಲಿ ಬಂದಳು. ನಾನೂ ಅಲ್ಲಿದ್ದೆ. ವೈನಿ ಗಂಜಿಯ ಬಟ್ಟಲು ಹಿಡಿದು ಕೂತು, ಇದೇನು ಹೇಳ್ರಿ, ಹೇಳಿದ್ರ ಕುಡಿಸ್ತೀನಿ ಎಂದು ಅವ್ವನನ್ನು ಮೆತ್ತಗೆ ಓಲೈಸುತ್ತಿದ್ದಳು. ಅವ್ವ “ಆಕಳಿ, ಆಕಳಿ” ಎನ್ನುತ್ತಿದ್ದಳು. ಅತ್ತಿ ಹೊಸ್ತಿಲ ಮೇಲೆ ಗೋಡೆ ಹಿಡಿದು ನಿಂತಳು. ನಮ್ಮ ಆಕಳಿನ ಕಥೆಯನ್ನು ಅಣ್ಣ ಹೇಳಲು ಶುರು ಮಾಡಿದ. ಅತ್ತಿ ಕೇಳಲಿಲ್ಲ.

“ಆಕಳಲ್ಲೋ ಅದು,” ಅಂದಳು. “ಆಕಲಿ ಅನ್ಲಿಕತ್ತಾಳ. ಅವರ ಮಾತಿನ್ಯಾಗ ಆಕಲಿ ಅಂದ್ರ ಹಸಿವಿ. ಹೊಟ್ಟಿ ಹಸದದ ಅಂತ ಹೇಳ್ಲಿಕತ್ತಾಳ.”

ವೈನಿಯ ಕೈಯಲ್ಲಿ ಚಮಚ ಹಾಗೇ ನಿಂತಿತ್ತು. ಅತ್ತಿ ಕುಂಟುತ್ತಾ ಅಡಿಗೆಮನೆಗೆ ಹೋಗಿ, ತಾನೇ ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕಿ, ಬೆರಳಿನಲ್ಲಿ ಮಿದ್ದು ಮೆತ್ತಗೆ ಮಾಡಿ ತಂದಳು. ಡಾಕ್ಟರು ಬೇಡ ಅಂದಿದ್ದಾರೆ ಎಂದು ಅಣ್ಣ ತಡೆದ. ಅತ್ತಿ ಅವನನ್ನು ಪಕ್ಕಕ್ಕೆ ಸರಿಸಿ, ಅವ್ವನನ್ನು ದಿಂಬಿಗೆ ಒರಗಿಸಿ ನೆಟ್ಟಗೆ ಕೂರಿಸಿ, ಸ್ವಲ್ಪ ಸ್ವಲ್ಪವೇ ಬಾಯಿಗಿಟ್ಟಳು. ಅವ್ವ ಕೆಮ್ಮಿದಳು, ನಮ್ಮ ಜೀವ ಹೋಯಿತು. ಮತ್ತೆ ಬಾಯಿ ತೆರೆದಳು. ಬಟ್ಟಲು ಬರಿದಾದ ಮೇಲೆ ಎಡಗೈ ಬೆರಳಿನಿಂದ ಅದರ ಅಂಚನ್ನು ಬಳಿದು ನೆಕ್ಕಿದಳು. ಅಣ್ಣ ಎದ್ದು ಹೊರಗೆ ಹೋದ.

ಆ ಶಬ್ದ ನಿನಗೆ ಹೇಗೆ ಗೊತ್ತು ಎಂದು ನಾನು ಅತ್ತಿಯನ್ನು ಕೇಳಿದೆ. ಅವ್ವ ನಿದ್ದೆ ಹೋದ ಮೇಲೆ ಅವಳು ನನ್ನನ್ನು ಹಿತ್ತಲ ಕಟ್ಟೆಗೆ ಕರೆದೊಯ್ದು ಕೂರಿಸಿ ಹೇಳಿದಳು.

ಅವ್ವ ಮದುವೆಯಾಗಿ ಬಂದಾಗ ಇನ್ನೂ ಹುಡುಗಿ, ಕನ್ನಡ ಒಂದಕ್ಷರ ಬಾರದು. ಈ ಮನೆಯಲ್ಲಿ ತೆಲುಗು ನಡೆಯುವುದಿಲ್ಲ ಎಂದು ಆಯಿ ಮೊದಲ ದಿನವೇ ಹೇಳಿದಳು. ಅವಳಿಗೆ ಮಾತು ಕಲಿಸಲು ಆಯಿ ಒಂದು ದಾರಿ ಹುಡುಕಿದಳು. ಸಂಜೆ ಎಲ್ಲರೂ ಉಣ್ಣಲು ಕೂತಾಗ ಆಯಿ ಒಗಟು ಹಾಕುವಳು. ಹೆಣ್ಣುಮಕ್ಕಳು ಒಡೆದರೆ ಅವರ ತಾಟಿಗೆ ರೊಟ್ಟಿ. ಸೊಸೆಯೂ ಒಡೆಯಬೇಕು, ಕನ್ನಡದಲ್ಲಿ ಒಡೆಯಬೇಕು, ಆಮೇಲೆ ಅವಳಿಗೆ ರೊಟ್ಟಿ. ಮೊದಲ ಸಲ ಕೇಳಿದ್ದು ಹೀಗಿತ್ತಂತೆ: ಕಾಲಿಲ್ಲದೇ ದಿನಾ ಮನಿಗಿ ಬರ್ತದ, ಕೊಟ್ರ ಹೋಗ್ತದ, ಕೊಡದಿದ್ರ ಕರುಳು ಹಿಂಡ್ತದ. ಅತ್ತಿ ಆಗ ಪುಟ್ಟವಳು. ಕೈಯಿಂದ ಹೊಟ್ಟೆ ಹಿಂಡಿಕೊಂಡು ತೋರಿಸಿ ಅತ್ತಿಗೆಗೆ ಸುಳಿವು ಕೊಟ್ಟಳು. ಹೊಸ ಸೊಸೆಗೆ ತಿಳಿಯಿತು. ಮುಖ ಅರಳಿಸಿ, “ಆಕಲಿ” ಎಂದಳು.

“ಎಲ್ಲರೂ ನಕ್ಕರು,” ಅಂದಳು ಅತ್ತಿ. “ಹಸಿವಿ ಕೇಳಿದ್ರ ಆಕಳ ಅಂತಾಳಲ್ಲ ಅಂತ. ನಿಮ್ಮ ಆಯಿ ನಕ್ಕಳು, ನಾನೂ ನಕ್ಕೆ. ಅವತ್ತ ನಿಮ್ಮವ್ವಗ ರೊಟ್ಟಿ ಸಿಗಲಿಲ್ಲ.”

“ನಮ್ಮಪ್ಪ?”

“ಅಲ್ಲೇ ಉಣ್ಲಿಕತ್ತಿದ್ದ.”

ಅಂಥ ಸಂಜೆಗಳು ಬಹಳ ಆದವಂತೆ. ಆಯಿ ಅದನ್ನು ಶಿಕ್ಷೆ ಎಂದುಕೊಂಡಿರಲಿಲ್ಲ, ಪಾಠ ಎನ್ನುತ್ತಿದ್ದಳು. ಅಪ್ಪ ಮರುದಿನ ಹೊಲಕ್ಕೆ ಬುತ್ತಿ ಹೆಚ್ಚು ಕಟ್ಟಿಸಿಕೊಂಡು ಹೋಗುತ್ತಿದ್ದ, ಅಲ್ಲಿ ಬೇವಿನ ಗಿಡದ ಬುಡದಲ್ಲಿ ಅವಳಿಗೆ ಉಣಿಸುತ್ತಿದ್ದ. ತಾಯಿಗೆ ಎದುರಾಡುವ ಧೈರ್ಯ ಅವನಿಗೆ ಇರಲಿಲ್ಲ. ಅವ್ವ ಬೇಗ ಕಲಿತಳು. ಮುಂದಿನ ಸುಗ್ಗಿಯ ಹೊತ್ತಿಗೆ ಆಯಿ ಒಗಟು ಮುಗಿಸುವ ಮೊದಲೇ ಒಡೆಯುತ್ತಿದ್ದಳು. ಇನ್ನೂ ಸ್ವಲ್ಪ ದಿನಕ್ಕೆ ತಾನೇ ಕಟ್ಟತೊಡಗಿದಳು, ಅವು ಆಯಿಗೂ ಒಡೆಯುತ್ತಿರಲಿಲ್ಲ. ಆಮೇಲೆ ಆಯಿ ಊಟದ ಹೊತ್ತಿನಲ್ಲಿ ಒಗಟು ಹಾಕುವುದನ್ನೇ ಬಿಟ್ಟಳು.

ನನಗೆ ಗೊತ್ತಿದ್ದ ಅವ್ವ ಅದರ ನಂತರದವಳು. ಅದೇ ಒಗಟುಗಳಿಂದ ಹಸಿವನ್ನು ತೆಗೆದು ಹಾಕಿ, ಆಟವನ್ನಷ್ಟೇ ಉಳಿಸಿ, ನಮ್ಮ ಮಧ್ಯಾಹ್ನಗಳಿಗೆ ಕೊಟ್ಟವಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗ ತಲೆಯೊಳಗಿನ ದಾರಿಗಳು ಕಡಿದು, ಉಳಿದ ಒಂದೇ ದಾರಿ ಅವಳನ್ನು ಆ ಮೊದಲ ಸಂಜೆಗೆ ಒಯ್ದು ಬಿಟ್ಟಿತ್ತು. ಎದುರಿಗೆ ಬಟ್ಟಲು ಹಿಡಿದ ಹೆಂಗಸರು, ಉತ್ತರ ಹೇಳು, ಕೊಡುತ್ತೇವೆ ಎನ್ನುವವರು. ಅವಳು ಹೇಳಿದ್ದು ಆಗಲೂ ಸರಿಯಾದ ಉತ್ತರವೇ, ಈಗಲೂ ಸರಿಯಾದ ಉತ್ತರವೇ.

ಮರುದಿನವೇ ಅವಳನ್ನು ಕಲಬುರಗಿಗೆ ಕರೆದೊಯ್ದೆವು. ಡಾಕ್ಟರು ನೀರು ಕುಡಿಸಿ, ಅನ್ನ ತಿನ್ನಿಸಿ ಪರೀಕ್ಷೆ ಮಾಡಿದರು. ನುಂಗುವುದು ಎಷ್ಟೋ ಸುಧಾರಿಸಿದೆ, ಮೆತ್ತಗಿನದನ್ನು ಹೊಟ್ಟೆ ತುಂಬ ಕೊಡಬಹುದು ಎಂದರು. ಮಾತು ಕಲಿಸುವ ಹುಡುಗಿಗೆ ಎಲ್ಲ ಹೇಳಿದೆ. ಅವಳು ಚಿತ್ರಗಳನ್ನು ಮೇಜಿನ ಮೇಲೆ ಬೋರಲು ಹಾಕಿ, ಮನೆಯಲ್ಲಿ ಯಾರಾದರೂ ತೆಲುಗು ಮಾತಾಡಬಲ್ಲಿರಾ ಎಂದು ಕೇಳಿದಳು. ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಅವ್ವನನ್ನು ನಾನು ವಾಡಿಗೆ ಕರೆತಂದೆ. ನಮ್ಮ ರೈಲ್ವೆ ಕ್ವಾರ್ಟರ್ಸಿನ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ತೆಲುಗಿನವರಿದ್ದರು. ಆ ಮನೆಯಾಕೆ ಬಿಡುವಾದಾಗ ಬಂದು ಅವ್ವನ ಕಾಲ ಬಳಿ ಕೂತು ಮಾತಾಡುತ್ತಿದ್ದರು. ಫ್ಯಾಕ್ಟರಿಯ ಸಿಮೆಂಟಿನ ಧೂಳು ಬೀಳುವುದು, ರೈಲು ತಡವಾಗುವುದು, ಸಾರಿಗೆ ಹುಣಸೆ ಹೆಚ್ಚಾದದ್ದು, ಇಂಥವೇ ಮಾತು. ಅವ್ವ ಮೊದಮೊದಲು ಬಾಗಿಲ ಕಡೆ ಹೆದರಿ ನೋಡುತ್ತಿದ್ದಳು, ಯಾರೋ ಕೇಳಿಸಿಕೊಂಡಾರು ಎಂಬಂತೆ. ನಿಧಾನವಾಗಿ ನೀರು, ಬಿಸಿಲು, ನೋವು, ಬಾ, ಸಾಕು ಎಂಬಂಥ ಮಾತುಗಳು ತೆಲುಗಿನಲ್ಲಿ ಬಂದವು. ಕನ್ನಡ ಅಲ್ಲೊಂದು ಇಲ್ಲೊಂದು. ನಾನು ಪಕ್ಕದ ಮನೆಯಾಕೆಯಿಂದ ಒಂದೊಂದೇ ಶಬ್ದ ಕಲಿತೆ. ತಲೆಗೂದಲು ನರೆತ ಮೇಲೆ ತಾಯಿಯ ಮಾತು ಕಲಿಯಲು ಕೂತೆ. ಉಚ್ಚಾರ ತಪ್ಪಿದರೆ ಅವ್ವ ಮುಖ ಹಿಂಡುತ್ತಿದ್ದಳು.

ಒಗಟು ಮಾತ್ರ ನಾನು ಮತ್ತೆ ಕೇಳಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಒಗಟು ಹಾಕುವ ರೂಢಿಯಿತ್ತು, ಕೆಲವು ತಿಂಗಳು ಅಲ್ಲೂ ಅದು ನನ್ನ ಬಾಯಿಗೆ ಬರಲಿಲ್ಲ. ಆದರೆ ಒಂದು ಸಂಜೆ, ಊಟವಾದ ಮೇಲೆ, ಅವ್ವ ತಾನಾಗಿ ನನ್ನ ಮೊಣಕೈ ಮುಟ್ಟಿ ತೆಲುಗಿನಲ್ಲಿ ಏನೋ ಅಂದಳು. ತುಂಡು ತುಂಡು ಮಾತು. ಪಕ್ಕದ ಮನೆಯಾಕೆ ನಕ್ಕು, ಒಗಟು ಕೇಳುತ್ತಿದ್ದಾಳೆ ಎಂದು ಕನ್ನಡದಲ್ಲಿ ತಿಳಿಸಿದರು. ಹೊಳೆಯಲ್ಲಿ ಹುಟ್ಟುತ್ತದೆ, ಗುಡ್ಡದ ಮೇಲೆ ಹೋಗಿ ಅಳುತ್ತದೆ. ನಾನು ಮೀನು ಎಂದೆ. ಅವ್ವ ಇಲ್ಲವೆಂದು ತಲೆಯಾಡಿಸಿದಳು. ಕೊಕ್ಕರೆ ಎಂದೆ. ಅದಕ್ಕೂ ಇಲ್ಲ. ಅವಳೇ “ಮಬ್ಬು” ಎಂದಳು. ಅವಳ ಕಣ್ಣು ಮಬ್ಬಾಗಿದೆಯೇನೋ ಎಂದು ಗಾಬರಿಯಾಗಿ ಅವಳ ರೆಪ್ಪೆ ಬಿಡಿಸಿ ನೋಡಿದೆ. ತೆಲುಗಿನಲ್ಲಿ ಅದು ಮೋಡವಂತೆ. ಅವ್ವ ಎಡಗೈಯಿಂದ ನನ್ನ ತೊಡೆಗೆ ಹೊಡೆದು ಹೊಡೆದು ನಕ್ಕಳು. ಲಕ್ವಾ ಹೊಡೆದ ಮೇಲೆ ಅವಳು ನಕ್ಕದ್ದು ಅದೊಂದೇ ಸಲ. ಓರೆಯಾದ ಬಾಯಿಯ ಆ ನಗೆ ನೋಡಲು ಚೆಂದವಿರಲಿಲ್ಲ. ನನಗೆ ಅದು ಸಾಕಾಗಿತ್ತು.

ಮುಂದಿನ ಮಳೆಗಾಲ ಹತ್ತಿರವಾಗುತ್ತಿದ್ದಾಗ ಎರಡನೆಯ ಸಲ ಹೊಡೆಯಿತು. ಅಣ್ಣ ಅಂದು ವಾಡಿಯಲ್ಲೇ ಇದ್ದ. ಗಾಡಿಯ ಹಿಂದಿನ ಸೀಟಿನಲ್ಲಿ ಅವಳ ತಲೆಯನ್ನು ನನ್ನ ತೊಡೆಯ ಮೇಲೆ ಇರಿಸಿಕೊಂಡು ಕಲಬುರಗಿ ದಾರಿ ಹಿಡಿದೆವು. ರಸ್ತೆಯ ಎರಡೂ ಬದಿಗೆ ಕಲ್ಲಿನ ಗಣಿಗಳ ಗುಂಡಿಗಳು, ಒಟ್ಟಿದ ಫರಸಿಗಳು. ಅವ್ವನಿಗೆ ಒಮ್ಮೆಲೇ ಮಾತು ಬಂತು. ತೊದಲಿಲ್ಲದ, ನೀಳವಾದ ಮಾತು, ಒಂದರ ಹಿಂದೆ ಒಂದು, ಯಾರಿಗೋ ಸಮಾಧಾನವಾಗಿ ವಿವರಿಸುವಂತೆ. ಎಲ್ಲ ತೆಲುಗು. ನಾನು ಬಾಗಿ ಅವಳ ಬಾಯಿಯ ಹತ್ತಿರ ಕಿವಿ ಇಟ್ಟೆ. ನೀರು ಎಂಬುದು ತಿಳಿಯಿತು. ಅಮ್ಮ ಎಂಬುದು ತಿಳಿಯಿತು. ಬಾಗಿಲು ಇರಬೇಕು, ಖಾತ್ರಿಯಿಲ್ಲ. ಉಳಿದದ್ದು ನಾನು ಕಲಿತದ್ದಕ್ಕಿಂತ ಬಹಳ ದೊಡ್ಡದಾಗಿತ್ತು. ಮತ್ತೊಮ್ಮೆ ಹೇಳವ್ವಾ ಎಂದು ನನಗೆ ಬಂದ ತೆಲುಗಿನಲ್ಲಿ ಕೇಳಿದೆ. ಅವಳು ನಿಲ್ಲಿಸಲಿಲ್ಲ, ಮರಳಿ ಹೇಳಲೂ ಇಲ್ಲ. ಶಹಾಬಾದ ದಾಟುವ ಮೊದಲು ಮಾತು ನಿಂತಿತು. ಆಸ್ಪತ್ರೆಯ ತನಕ ಹೋದೆವು, ಆದರೆ ಹೋಗುವ ಅಗತ್ಯವಿರಲಿಲ್ಲ.

ಊರಿಗೆ ತಂದು ಪಡಸಾಲೆಯಲ್ಲಿ ಮಲಗಿಸಿದ ಮೇಲೆ ಅಣ್ಣ ನನ್ನ ಪಕ್ಕ ಬಂದು ಕೂತ. ಗಾಡಿಯಲ್ಲಿ ಮುಂದೆ ಕೂತಿದ್ದ ಅವನಿಗೂ ಆ ದನಿ ಕೇಳಿಸಿತ್ತು.

“ಅವ್ವ ಅಷ್ಟೊತ್ತು ಏನಂದಳು?”

ನನಗೆ ತಿಳಿದ ಶಬ್ದಗಳನ್ನು ಹೇಳಿದೆ. ಪೂರ್ತಿ ತಿಳಿಯಲಿಲ್ಲ ಎಂದೂ ಹೇಳಿದೆ. ಅವನು ಆ ಶಬ್ದಗಳನ್ನು ಸ್ವಲ್ಪ ಹೊತ್ತು ಬಾಯಲ್ಲೇ ಆಡಿಸಿಕೊಂಡ. ತಾಯಿ ಬಾಗಿಲಲ್ಲಿ ನೀರು ಹಿಡಿದು ನಿಂತಿದ್ದಾಳೆ, ತವರಿಗೆ ಹೊರಟಿದ್ದೇನೆ ಎಂದಿರಬೇಕು ಎಂದ. ಇರಬಹುದು, ಇಲ್ಲದಿರಬಹುದು. ತಾಗಿಸಿ ನೋಡಲು ನನ್ನ ಹತ್ತಿರ ಏನೂ ಇರಲಿಲ್ಲ. ಹೂಂ ಎಂದೆ. ಅವನು ಕಣ್ಣೊರೆಸಿಕೊಂಡು ಕಟ್ಟಿಗೆ ತರಿಸಲು ಎದ್ದು ಹೋದ.